ಬೂದು ದಾರವನ್ನು ಮುಂದಕ್ಕೆ ಸರಿಸಿದವರು ಯಾರು?

ಗ್ರಂಥಾಲಯದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಓದುಕೂಟ ಸೇರುತ್ತಿದ್ದ ಮಹಡಿಯ ಕೋಣೆಗೆ ತಾವು ಬೀಗ ಜಡಿಸಿ ಇಂದಿಗೆ ಇಪ್ಪತ್ಮೂರು ದಿನ. ನಾವು ಅರ್ಧಂಬರ್ಧ ಓದಿದ್ದ ಕಾದಂಬರಿಯೂ ತಮ್ಮ ವಶದಲ್ಲೇ ಇದೆ. ಕಾರಣವನ್ನು ಆದೇಶದಲ್ಲಿ ಬಹಳ ಗಾಂಭೀರ್ಯದಿಂದ ನಮೂದಿಸಿದ್ದೀರಿ: ‘ಪುಟಗಳ ನಡುವೆ ವಿವಿಧ ಬಣ್ಣದ ದಾರಗಳನ್ನಿರಿಸಿ ಸಂಕೇತಗಳ ರವಾನೆ.’ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಬಟ್ಟೆ ಹೊಲಿಯುವವಳು ಸ್ವಾಮಿ. ನನ್ನ ಹತ್ತಿರ ದಾರ ಸಿಗದೆ ಇನ್ನೇನು ಸಿಗುತ್ತದೆ?

ಸಂಕೇತದ ಅರ್ಥವನ್ನು ನಾನೇ ಬಿಡಿಸಿ ಹೇಳುತ್ತೇನೆ, ಬರೆದುಕೊಳ್ಳಿ. ಪುಸ್ತಕದ ಪ್ರತಿ ಒಂದೇ, ಓದುವವರು ಆರು ಜನ. ಅದು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಇದ್ದು, ಭಾನುವಾರ ನಾಲ್ಕಕ್ಕೆ ಕೋಣೆಗೆ ಬರುತ್ತದೆ. ಯಾರು ಎಲ್ಲಿಯವರೆಗೆ ಓದಿದ್ದಾರೆಂದು ತಿಳಿಯಲು ತಲೆಗೊಂದು ಬಣ್ಣ. ನನಗೆ ಕೆಂಪು, ನಮ್ಮತ್ತೆಗೆ ಬಿಳಿ, ಔಷಧಿ ಅಂಗಡಿಯವರಿಗೆ ಹಸಿರು. ಎಲ್ಲರಿಗಿಂತ ಹಿಂದೆ ಯಾರ ದಾರವಿದೆಯೋ ಆ ಪುಟದವರೆಗೆ ಮಾತ್ರ ಮಾತು. ಮುಂದಿನದನ್ನು ಬಾಯಿಬಿಟ್ಟವರು ಅವತ್ತು ಎಲ್ಲರ ಚಹಾ ಲೋಟ ತೊಳೆಯಬೇಕು. ಇಷ್ಟೇ ನಮ್ಮ ಸಂಚು.

ಈ ಕೂಟ ಶುರುವಾಗಿದ್ದೇ ನಮ್ಮತ್ತೆಗಾಗಿ. ಮಾವ ತೀರಿಕೊಂಡ ಮೇಲೆ ಎರಡು ವರ್ಷ ಅವರ ಬಾಯಲ್ಲಿ ‘ಹೂಂ’, ‘ಉಹೂಂ’ ಬಿಟ್ಟು ಬೇರೆ ಮಾತಿರಲಿಲ್ಲ. ಮೊದಲ ಪುಸ್ತಕ ಓದುವಾಗ ಔಷಧಿ ಅಂಗಡಿಯವರು ಕಥೆಯ ಗಂಡನ ಪರ ವಹಿಸಿದರು ನೋಡಿ, ಅತ್ತೆ ಥಟ್ಟನೆ, “ನಿಮ್ಮ ತಲೆ!” ಅಂದುಬಿಟ್ಟರು. ಮನೆ ತಲುಪುವವರೆಗೂ ಅವರನ್ನು ಬೈಯುತ್ತಲೇ ಬಂದರು. ಆ ಬೈಗುಳ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಇನ್ನು ತಾವು ಕಳಿಸಿದ ಮಹಾನುಭಾವರ ವಿಚಾರ. ಕಳಿಸಿಲ್ಲ ಅನ್ನಬೇಡಿ. ಈ ಎರಡನೇ ಪುಸ್ತಕ ಆರಂಭವಾದ ದಿನವೇ ಪ್ರತ್ಯಕ್ಷರಾದ ಅವರು ಯಾರು ಏನಂದರೂ ತಲೆಯಾಡಿಸುತ್ತಿದ್ದರು. ಯಾರು ಎಷ್ಟು ಹೊತ್ತಿಗೆ ಬಂದರೆಂದು ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದರು. ಅವರಿಗೆ ಬೂದು ದಾರ ಕೊಟ್ಟೆ. ಮೂರು ವಾರವಾದರೂ ಅದು ನಾಲ್ಕನೇ ಪುಟ ಬಿಟ್ಟು ಕದಲಲಿಲ್ಲ. ನಿಯಮ ನಿಯಮವೇ ತಾನೆ? ಮೊದಲ ಪುಟದಲ್ಲಿ ಬರುವ ಒಂದು ಹರಕು ಕೊಡೆಯ ಬಗ್ಗೆ ನಾವು ಒಟ್ಟು ಆರು ಗಂಟೆ ಚರ್ಚಿಸಿದೆವು. ತಮ್ಮ ಕಡತದಲ್ಲಿ ಆ ಕೊಡೆಯೂ ಇರಬೇಕು! ಕೊನೆಗೆ ಅತ್ತೆಯ ತಾಳ್ಮೆ ಕೆಟ್ಟಿತು.

“ಅಲ್ಲಪ್ಪಾ, ಓದದೇ ಇರೋಕೆ ಇಷ್ಟು ದೂರ ಯಾಕೆ ಬರ್ತೀಯ? ಮನೇಲೇ ಕೂತು ಓದದೇ ಇರಬಹುದಲ್ಲ!”

ಪಾಪ, ಅವರ ಮುಖ ಕೆಂಪಗಾಯಿತು. ಮುಂದಿನ ಭಾನುವಾರ ಬೂದು ದಾರ ತೊಂಬತ್ತನೇ ಪುಟದಲ್ಲಿತ್ತು. ಅದರ ಮರುದಿನವೇ ತಮ್ಮ ಬೀಗ ಬಿತ್ತು. ನಿಮ್ಮ ಮನುಷ್ಯ ಓದುಗನಾಗಿಬಿಟ್ಟನೆಂದು ಹೆದರಿದಿರಾ?

ಕಳೆದ ಮಂಗಳವಾರ ವಿಚಾರಣೆಗೆ ಕರೆಸಿದಿರಿ. ಆ ಮಹಾನುಭಾವರನ್ನು ಬೀಗ ಬಿದ್ದ ದಿನವೇ ಬೇರೆ ಶಾಖೆಗೆ ಕಳಿಸಲಾಗಿದೆ ಎಂದು ತಾವೇ ಹೇಳಿದಿರಿ. ಆಮೇಲೆ ಸೊಂಟದ ಕೀಲಿಗೊಂಚಲಿನಿಂದ ಮೇಜಿನ ಖಾನೆ ತೆಗೆದು ಪುಸ್ತಕವನ್ನು ಹೊರಗಿಟ್ಟಿರಿ. ರಟ್ಟಿಗೆ ‘ಸಾಕ್ಷ್ಯ’ ಎಂಬ ಚೀಟಿ, ಚೀಟಿಯ ಮೇಲೆ ಚಹಾ ಲೋಟದ ದುಂಡನೆಯ ಕಲೆ. ಅಳತೆಪಟ್ಟಿ ಇಲ್ಲದೆ ತೋಳಿನ ಉದ್ದ ಹೇಳುವವಳು ನಾನು. ಕೆಂಪು, ಬಿಳಿ, ಹಸಿರು ಇದ್ದಲ್ಲೇ ಇದ್ದವು. ಬೂದು ದಾರ ಮಾತ್ರ ನಮ್ಮೆಲ್ಲರನ್ನೂ ದಾಟಿ ಕೊನೆಯ ಅಧ್ಯಾಯಕ್ಕೆ ಹೋಗಿತ್ತು. ನನಗೆ ಆಗಲೇ ಅನುಮಾನ ಬಂತು. ಪರೀಕ್ಷಿಸೋಣವೆಂದೇ, “ನಮ್ಮತ್ತೆಗೆ ಕಥೆಯ ಆ ಹೆಂಗಸಿನದೇ ಚಿಂತೆ ಸಾರ್, ಬಾಗಿಲವರೆಗೂ ಬಂದು ನಿಂತಿದ್ದಾಳೆ, ಒಳಗೆ ಹೋಗ್ತಾಳೋ ಇಲ್ಲವೋ ಅಂತ” ಅಂದೆ. ತಾವು ಏನೋ ಹೇಳಲು ಬಾಯಿ ತೆರೆದಿರಿ. ತಕ್ಷಣ ಮುಚ್ಚಿಕೊಂಡು ಕಡತ ತಿರುವಿದಿರಿ. ಓದದವರಿಗೆ ನುಂಗಿಕೊಳ್ಳಲು ಏನಿರುತ್ತದೆ ಹೇಳಿ?

ಈಗ ನಮ್ಮ ಮನೆಯಲ್ಲಿ ಭಾನುವಾರ ನಾಲ್ಕಾದರೆ ಅತ್ತೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ, ನೆನಪಾಗಿ ಬಿಚ್ಚಿಡುತ್ತಾರೆ. ಮತ್ತೆ ‘ಹೂಂ’, ‘ಉಹೂಂ’ ಶುರುವಾಗಿದೆ. ಮೊನ್ನೆ ಒಂದೇ ಒಂದು ಮಾತಾಡಿದರು: “ಆಯಮ್ಮನ್ನ ಬಾಗಿಲಲ್ಲೇ ನಿಲ್ಲಿಸಿಬಿಟ್ರಲ್ಲೇ.” ನನ್ನ ಹೊಟ್ಟೆ ಉರಿಯುತ್ತದೆ ಸ್ವಾಮಿ, ಮುಚ್ಚಿಡುವುದೇಕೆ?

ಆದ್ದರಿಂದ ಕೇಳುವುದಿಷ್ಟೇ. ಬರುವ ಭಾನುವಾರ ನಾಲ್ಕು ಗಂಟೆಗೆ ಕೋಣೆಯ ಬೀಗ ತೆಗೆದಿರಬೇಕು, ಪುಸ್ತಕ ಮೇಜಿನ ಮೇಲಿರಬೇಕು. ತಮ್ಮ ಕಚೇರಿಗೆ ಕೊಟ್ಟಿರುವ ಈ ಪತ್ರದ ಪ್ರತಿಗೆ ಒಂದು ಹಳದಿ ದಾರ ಗುಂಡುಸೂಜಿಯಲ್ಲಿ ಚುಚ್ಚಿದ್ದೇನೆ. ಅದು ತಮ್ಮದು, ಇನ್ನು ಮೇಲೆ ಬೇರೆಯವರ ದಾರದಲ್ಲಿ ಕದ್ದು ಓದುವುದು ಬೇಡ. ಬನ್ನಿ, ಕುರ್ಚಿ ಹಾಕಿಡುತ್ತೇವೆ. ಆದರೆ ಆ ಹೆಂಗಸು ಒಳಗೆ ಹೋದಳೋ ಇಲ್ಲವೋ ಎಂಬುದನ್ನು ನಮ್ಮತ್ತೆ ಓದಿ ಮುಗಿಸುವವರೆಗೆ ತಾವು ತುಟಿ ಬಿಚ್ಚಕೂಡದು. ಬಿಚ್ಚಿದರೆ ಏಳು ಲೋಟ ತೊಳೆಯಬೇಕಾಗುತ್ತದೆ.

ಇಂತಿ,
ಇನ್ನೂರ ಹದಿನಾಲ್ಕನೇ ಪುಟದಲ್ಲಿ ಸಿಕ್ಕಿಕೊಂಡಿರುವ
ಕೆಂಪು ದಾರದವಳು