ಮಾತಿನ ಕೊನೆಯ ‘ಇಲ್ಲ’

ಜಯನಗರ,
18 ಜೂನ್ 2025

ಮಗಳು ಸುರಭಿಗೆ, ಅಮ್ಮನ ತುಂಬು ಆಶೀರ್ವಾದ.

ಹತ್ತು ದಿನ ಆಯ್ತು ನೀನು ಫೋನ್ ಎತ್ತಿ. ನನ್ನ ಮೇಲೆ ಸಿಟ್ಟು, ಗೊತ್ತು ಕಣೇ. ಯಾಕೆ ಅಂತ ನಿನ್ನೆ ತಿಳೀತು. ಕಾಗದ ತಡವಾಯ್ತು, ಕ್ಷಮಿಸು. ಮೂರು ಸಲ ಬರೆದು ಹರಿದೆ. ‘ಮಂಗಳೂರಿಗೆ ಕಾಗದ ಹೋಗೋದ್ರೊಳಗೆ ನೀನೇ ಹೋಗ್ಬರಬಹುದು’ ಅಂತ ನಿಮ್ಮಪ್ಪ ರೇಗಿಸ್ತಿದಾರೆ.

ಆಸ್ಪತ್ರೆಗೆ ಹನ್ನೆರಡು ಜನ ಹೊಸ ನರ್ಸುಗಳು ಬಂದಿದಾರೆ. ರೋಗಿ ಮಾತು ಕೇಳಿಸ್ಕೊಳ್ಳೋದು ಹೇಗೆ ಅಂತ ಕಲಿಸೋದು ಎಂದಿನಂತೆ ನನ್ನ ಪಾಲಿಗೆ. ‘ಊಟ ಆಯ್ತಾ ಅಂತ ಕೇಳ್ಬೇಡ್ರೇ, ಖಾಲಿ ಹೊಟ್ಟೇಲಿದ್ರೂ ನಮ್ಮ ಜನ ಆಯ್ತು ಅಂತಾರೆ. ಏನು ತಿಂದ್ರಿ ಅಂತ ಕೇಳಿ, ಆಮೇಲೆ ಇನ್ಸುಲಿನ್ ಕೊಡಿ’ ಅಂತ ಶುರು ಮಾಡ್ದೆ.

ಸೋಮವಾರ ಕ್ಲಾಸಲ್ಲಿ ಆಡಿ ತೋರಿಸೋಕೆ ನಾನು ನರ್ಸು, ಬಿಟಿಎಂನಲ್ಲಿ ರೂಮು ಮಾಡ್ಕೊಂಡಿರೋ ಗದಗಿನ ಹುಡುಗಿ ಶ್ವೇತಾ ರೋಗಿ. ‘ಹೇಗಿದೀರಾ?’ ಅಂದೆ. ಅವಳು ನರಳ್ತಾ ‘ಆರಾಮ ಇಲ್ಲ್ರಿ’ ಅಂದ್ಲು. ನಾನು ನಗ್ತಾ ‘ಒಳ್ಳೇದಾಯ್ತು, ನಾಳೆ ಮನೆಗೆ ಹೋಗ್ಬಹುದು’ ಅಂದೆ! ಕ್ಲಾಸೆಲ್ಲ ಗೊಳ್ ಅಂತ ನಗು. ಬೇಕಂತಲೇ ಕೆಟ್ಟ ನರ್ಸಿನ ಪಾರ್ಟು ಮಾಡ್ತಿದೀನಿ ಅಂದ್ಕೊಂಡ್ರು. ‘ಸಖತ್ ಮೇಡಂ!’ ಅಂತ ಚಪ್ಪಾಳೆ ಬೇರೆ. ಮಾನ ಉಳೀಲಿ ಅಂತ ನಾನೂ ನಕ್ಕುಬಿಟ್ಟೆ.

ಶ್ವೇತಾ ಮಾತ್ರ ನಗಲಿಲ್ಲ. ಎಲ್ಲರೂ ಹೋದ್ಮೇಲೆ ಎದುರಿಗೆ ಬಂದು ನಿಂತು, ‘ಮೇಡಂ, ನಿಮಗ ಸರಿ ಕೇಳಸ್ತೈತೇನ್ರಿ?’ ಅಂದ್ಲು. ಕಿವಿ ಮಂದ ಆಗಿದೆ ಕಣೇ. ಆರು ತಿಂಗಳಿಂದ ಮನೇಲಿ ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದೆ. ಮೊನ್ನೆ ಮೊನ್ನೆ ಸೇರಿದ ಹುಡುಗಿ ಹಿಡಿದುಬಿಟ್ಲು! ಅವಳೇ ಕೈ ಹಿಡ್ಕೊಂಡು ಕಿವಿ ಪರೀಕ್ಷೆಗೆ ಕರ್ಕೊಂಡು ಹೋದ್ಲು. ಮೆಲ್ಲಗೆ ಆಡಿದ ಮಾತಿನ ಕೊನೆ ನನಗೆ ತಪ್ಪಿಹೋಗ್ತಿದೆಯಂತೆ. ನಮ್ಮ ಕನ್ನಡದಲ್ಲಿ ‘ಇಲ್ಲ’ ಬರೋದೇ ಕೊನೇಲಿ, ನೋಡು. ಮಿಷನ್ ಹಾಕ್ಕೋಬೇಕು ಅಂದ್ರು. ಹಾಕ್ಕೊಳ್ತೀನಿ, ಇನ್ನೆಂಥ ನಾಚಿಕೆ.

ಮೈ ಜೋಪಾನ. ಬಿಸಿನೀರು ಕುಡಿ, ಓಡಾಡ್ಬೇಡ. ಆಶ್ರಿತ್ ಜತೆ ಇದಾನಲ್ಲ, ಅಷ್ಟೇ ನನಗೆ ಸಮಾಧಾನ. ದೇವರು ಗಂಡ ಹೆಂಡತಿ ಇಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಅಲಮೇಲು

ತಾ.ಕ.: ಅವತ್ತು ಫೋನಲ್ಲಿ ನೀನು ‘ಈ ಸಲಾನೂ ಮಗು ನಿಲ್ಲಲಿಲ್ಲಮ್ಮ’ ಅಂದೆಯಂತೆ. ನಿನ್ನೆ ಆಶ್ರಿತ್ ನಿಮ್ಮಪ್ಪನಿಗೆ ಹೇಳಿದ. ನನಗೆ ಕೇಳಿಸಿದ್ದು ‘ಮಗು’ ಅನ್ನೋದಷ್ಟೇ. ಮಿಕ್ಕಿದ್ದನ್ನ ನನ್ನ ಆಸೇನೇ ತುಂಬ್ಕೊಂಡುಬಿಡ್ತು. ‘ಅಯ್ಯೋ ಬಂಗಾರ, ಎಷ್ಟು ಖುಷಿಯಾಯ್ತೇ!’ ಅಂದುಬಿಟ್ಟೆ. ಅದನ್ನ ಕೇಳಿಸ್ಕೊಂಡು ಹೇಗಿದ್ಯೋ ನನ್ನ ಕಂದಾ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ. ಬಾಗಿಲು ತೆಗೀತೀಯಾ?