ಪಟ್ಟಿಯಿಂದ ಕೈಬಿಟ್ಟವರು

ತಾರೀಖು ಹದಿನೆಂಟು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಆಸ್ಪತ್ರೆಯಲ್ಲಿ ರಜೆ ಸಿಗದೆ ಅಣ್ಣನ ಮುಖವನ್ನು ಕೊನೆಯ ಸಲ ನೋಡಲಾಗಲಿಲ್ಲ ಎಂದು ಬರೆದಿದ್ದೀಯ. ನೋಡದಿದ್ದದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ನಾನು ಅಪಘಾತ ಎಂದಷ್ಟೇ ಹೇಳಿದ್ದೆ; ಪಕ್ಕದಲ್ಲಿ ಅತ್ತಿಗೆ ಕೂತಿದ್ದಳು.

ಕಾಗದದ ಕೊನೆಯಲ್ಲಿ ಭಾವನ ಮಾತೂ ಇದೆ. ಸರ್ಕಾರ ದುಡ್ಡು ಸುರಿದರೆ ಕೆಲಸ ಹುಟ್ಟುವುದಿಲ್ಲ, ಬರೀ ಬೋರ್ಡು ಹುಟ್ಟುತ್ತದೆ ಅಂದರಂತೆ. ಅದು ಸುಳ್ಳು ಅಂತ ಅವರಿಗೆ ಹೇಳು. ನಾನು ಕಣ್ಣಾರೆ ಕಂಡಿದ್ದೇನೆ.

ನೂಲಿನ ಗಿರಣಿ ಮುಚ್ಚಿದ ಮೇಲೆ ಅಣ್ಣ ಹದಿನಾಲ್ಕು ತಿಂಗಳು ಮನೆಯಲ್ಲೇ ಇದ್ದದ್ದು ನಿನಗೆ ಗೊತ್ತು. ಹೇಗಾಗಿಹೋಗಿದ್ದ ಎಂಬುದು ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಯಂತ್ರಗಳ ಗದ್ದಲದಲ್ಲಿ ದುಡಿದ ಫಿಟ್ಟರ್, ಸುಮ್ಮನೆ ಕೂರಲಾಗದೆ, ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನೇ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. ಅತ್ತಿಗೆ ಊಟಕ್ಕೆ ಕರೆದರೆ, "ಏನ್ ದುಡಿದಿದ್ದೀನಿ ಅಂತ ಹಸಿವಾಗುತ್ತೆ?" ಅನ್ನುತ್ತಿದ್ದ.

ಆಮೇಲೆ ಸರ್ಕಾರ ನದಿ ದಂಡೆಗೆ ತಡೆಗೋಡೆ ಕಟ್ಟಿಸಲು ಹಣ ಬಿಟ್ಟಿತು. ಆರುನೂರು ಜನಕ್ಕೆ ಕೆಲಸ. ಉದ್ಯೋಗ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತು ಹೆಸರು ಬರೆದುಕೊಳ್ಳುವ ನನ್ನ ತಾತ್ಕಾಲಿಕ ಕೆಲಸವೂ ಅದೇ ಹಣದ್ದು. ಅಣ್ಣನಿಗೆ ಕಾಂಕ್ರೀಟ್ ಮಿಕ್ಸರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೊದಲ ದಿನ ಸಂಜೆ ತಲೆತುಂಬ ಸಿಮೆಂಟಿನ ಪುಡಿ ಮೆತ್ತಿಕೊಂಡು ನನ್ನ ಬಾಡಿಗೆ ಕೋಣೆಗೆ ಬಂದು, "ನೋಡೇ, ನಿಮ್ಮಣ್ಣ ಒಂದೇ ದಿನಕ್ಕೆ ಮುದುಕ ಆಗ್ಬಿಟ್ಟ" ಎಂದು ನಕ್ಕ. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಗೋಡೆಯ ಎದುರಿನ ಚಹಾದಂಗಡಿ ಮತ್ತೆ ಬಾಗಿಲು ತೆಗೆಯಿತು. ಚಪ್ಪಲಿ ಹೊಲಿಯುವವನು ಊರು ಬಿಟ್ಟಿದ್ದ ತನ್ನ ತಮ್ಮನನ್ನು ವಾಪಸ್ ಕರೆಸಿಕೊಂಡ. ಬೀದಿಗೆ ಬೀದಿಯೇ ಉಸಿರಾಡತೊಡಗಿತು ಅಕ್ಕಾ.

ಕೆಲಸ ಶುರುವಾದ ಏಳನೇ ತಿಂಗಳಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಗೋಡೆಯ ಕೆಲಸದಲ್ಲಿ ಒಂದೇ ಒಂದು ವಾರ ದುಡಿದವರೂ ಉದ್ಯೋಗಸ್ಥರು. ಅವರ ಹೆಸರನ್ನು ನಿರುದ್ಯೋಗಿಗಳ ಪಟ್ಟಿಯಿಂದ ಕೈಬಿಡಬೇಕು, ಒಂದು ವರ್ಷ ಮತ್ತೆ ಸೇರಿಸುವಂತಿಲ್ಲ. ಸಾಹೇಬರು ನನ್ನನ್ನು ಕರೆದು, "ನಿನ್ನ ಅಕ್ಷರ ಚೆನ್ನಾಗಿದೆಯಮ್ಮ, ಪಟ್ಟಿ ನೀನೇ ಮಾಡು. ನಿನ್ನನ್ನ ಕಾಯಂ ಮಾಡೋ ವಿಚಾರಾನೂ ನನ್ನ ತಲೇಲಿದೆ" ಅಂದರು. ನಾಲ್ಕು ದಿನ ಕೂತು ಕೆಂಪು ಗೆರೆ ಎಳೆದೆ. ಅಣ್ಣನ ಹೆಸರು ಬಂದಾಗ ಕೈ ನಡುಗಿತು ಎಂದು ಬರೆಯಲು ಆಸೆಯಾಗುತ್ತದೆ. ನಡುಗಲಿಲ್ಲ. ಅಂದು ಅವನಿಗೆ ಕೆಲಸವಿತ್ತಲ್ಲ.

ಸಂಖ್ಯೆ ಅರ್ಧಕ್ಕೆ ಇಳಿಯಿತು. ನಿರುದ್ಯೋಗ ತಗ್ಗಿದೆ, ಇನ್ನು ಹಣ ಬೇಕಿಲ್ಲ ಎಂದು ಮೇಲಿನವರು ತೀರ್ಮಾನಿಸಿದರು. ಎರಡೇ ತಿಂಗಳಲ್ಲಿ ಕೆಲಸ ನಿಂತಿತು. ಗೋಡೆ ಇನ್ನೂ ಸೇತುವೆಯನ್ನು ಮುಟ್ಟಿರಲಿಲ್ಲ. ನನ್ನನ್ನು ಮಾತ್ರ ಸಾಹೇಬರು ಕಿಟಕಿಯಲ್ಲೇ ಉಳಿಸಿಕೊಂಡರು.

ಮರುವಾರ ಎಲ್ಲರೂ ಕಿಟಕಿಗೆ ಬಂದರು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಬೇರೆ ಕಾರ್ಖಾನೆಗಳಿಗೆ ಕಳುಹಿಸುವ ಚೀಟಿ ಕೊಡುತ್ತಿದ್ದೆವು. ಅಣ್ಣನೂ ಬಂದ. ಕೋಣೆಗೇ ಬಂದು ಕೇಳಬಹುದಿತ್ತು; ಎಲ್ಲರಂತೆ ಸಾಲಿನಲ್ಲಿ ನಿಂತ. ನನ್ನ ಬೆನ್ನ ಹಿಂದೆ ಸಾಹೇಬರಿದ್ದರು. "ಒಂದು ವರ್ಷ ಆಗೋವರೆಗೂ ಬರ್ಕೊಳ್ಳೋಕಾಗಲ್ಲ" ಎಂದೆ, ಗುರುತೇ ಇಲ್ಲದವಳ ಹಾಗೆ. ಅವನು ಗಾಜಿನಾಚೆಯಿಂದ ನನ್ನನ್ನೇ ನೋಡಿ, "ಸರಿ ಮೇಡಂ" ಅಂದ. ಅಣಕವಲ್ಲ ಅಕ್ಕಾ. ನನ್ನ ಕೆಲಸಕ್ಕೆ ಕುತ್ತು ಬರಬಾರದು ಅಂತ ಹಾಗಂದ.

ಮುಚ್ಚಿದ ಗಿರಣಿಯನ್ನು ಗುಜರಿಯವನೊಬ್ಬ ಕೊಂಡಿದ್ದ. ಯಂತ್ರ ಬಿಚ್ಚಲು ದಿನಗೂಲಿಯವರು ಬೇಕಿತ್ತು. ಅಣ್ಣ ಹೋದ. ತಾನು ಎಣ್ಣೆ ಹಾಕಿ ಸಾಕಿದ ಯಂತ್ರಗಳನ್ನು ತಾನೇ ಬಿಚ್ಚಿದ. ಮೂರನೇ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮೇಲಿದ್ದ ಕಬ್ಬಿಣದ ತೊಲೆ ಕಳಚಿ ಅವನ ಮೇಲೆ ಬಿತ್ತು. ಅಲ್ಲಿ ಯಾರ ತಲೆಗೂ ಹೆಲ್ಮೆಟ್ ಇರಲಿಲ್ಲ. ನಾನು ಓಡುವಷ್ಟರಲ್ಲಿ ಟಾರ್ಪಾಲು ಹೊದಿಸಿದ್ದರು. ಬೂಟು ನೋಡಿ ಗುರುತು ಹಿಡಿದೆ.

ಕಳೆದ ಸೋಮವಾರ ನನ್ನ ಕೆಲಸ ಕಾಯಂ ಆದ ಆದೇಶ ಬಂತು. ಸಹಿ ಹಾಕಿದೆ. ಅತ್ತಿಗೆ ಮತ್ತು ಇಬ್ಬರು ಹೆಣ್ಣುಮಕ್ಕಳು ಈಗ ನನ್ನ ಕೋಣೆಯಲ್ಲೇ ಇದ್ದಾರೆ. ಹಾಕದೆ ಏನು ಮಾಡಲಿ? ಭಾವನಿಗೆ ಇಷ್ಟು ಹೇಳು: ಆ ಹಣದಿಂದ ಕೆಲಸ ಹುಟ್ಟಿತ್ತು. ಅದರ ಕತ್ತು ಹಿಸುಕಿದವರು ನಾವು, ಕೆಂಪು ಪೆನ್ನು ಹಿಡಿದು.

ರಜೆ ಸಿಕ್ಕಿದ ದಿನ ಹೊರಟು ಬಾ. ಎದುರಿಗೆ ಕೂತು ನೀನು ನನ್ನನ್ನು ಬೈದರೂ ಸರಿ.

ನಿನ್ನ
ಪುಟ್ಟಿ

ತಾ.ಕ.: ಬಂದಾಗ ಅತ್ತಿಗೆಯ ಮುಂದೆ ಇದನ್ನೆಲ್ಲ ಎತ್ತಬೇಡ. ಆ ದಿನ ಕಿಟಕಿಯಲ್ಲಿ ಕೂತಿದ್ದವಳು ನಾನೆಂದು ಅವಳಿಗೆ ಗೊತ್ತಿಲ್ಲ. "ಯಾರೋ ಹೊಸಬಳು ಕೂತಿದ್ಲು, ಪುಟ್ಟಿ ರಜೆ ಹಾಕಿದ್ಲಂತೆ. ಅವಳಿದ್ದಿದ್ರೆ ಹೇಗಾದ್ರೂ ಮಾಡಿ ಬರ್ಕೊಳ್ತಿದ್ಲು" ಎಂದು ಅಣ್ಣ ಮನೆಗೆ ಹೋಗಿ ಹೇಳಿದ್ದನಂತೆ. ನಿನ್ನೆ ಅತ್ತಿಗೆ ಅದನ್ನು ನನಗೆ ಹೇಳಿ, ನನ್ನ ಕೈ ಹಿಡಿದುಕೊಂಡು ಅತ್ತಳು.