ಕಮಲಾ ಆಂಟಿಯ ಮಸಾಲೆ ಡಬ್ಬಿ

ಪ್ರೀತಿಯ ಕಮಲಾ ಆಂಟಿ,

ನಿಮ್ಮ ಡಬ್ಬಿ ಜೋಪಾನವಾಗಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯಲು ಕೈ ಓಡುವುದಿಲ್ಲ.

ನೆನಪಿದೆಯಾ, ಈ ಪರದೇಶಕ್ಕೆ ಬಂದ ಹೊಸದರಲ್ಲಿ ಮಾನ್ಮತ್ ಜಂಕ್ಷನ್ ಊರಿನ ಲೈಬ್ರರಿಗೆ ನಾನು ಬಂದ ಮೊದಲ ಶನಿವಾರ? ನಮ್ಮವರು ಕಂಪ್ಯೂಟರಿನ ವೈಟುಕೆ ಕೆಲಸವೆಂದು ರಜೆಯಲ್ಲೂ ಪಾರ್ಸಿಪನಿಯ ಆಫೀಸಿಗೆ ಹೋಗುತ್ತಿದ್ದ ಕಾಲ. ನೀವು ಇಂಗ್ಲಿಷ್ ಕಲಿಸುವ ಮೇಜಿನ ಮೇಲೆ ಸ್ಟೀಲಿನ ಮಸಾಲೆ ಡಬ್ಬಿ ತೆರೆದಿಟ್ಟಿದ್ದಿರಿ. ನಡುವಿನ ಬಟ್ಟಲಲ್ಲಿ ಪದಗಳ ಚೀಟಿ, ಸುತ್ತಲಿನವುಗಳಲ್ಲಿ ಪದದ ಹಿಂದೆಮುಂದೆ ಅಂಟುವ ತುಣುಕುಗಳು: ಅನ್, ರೀ, ಲೆಸ್, ಏಬಲ್. ಎಲ್ಲಕ್ಕೂ ಇಂಗಿನ ವಾಸನೆ! "ಒಗ್ಗರಣೆ ಹಾಕಮ್ಮ, ಏನಾಗತ್ತೋ ನೋಡೋಣ," ಎಂದಿರಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ನಿಮಗೊಬ್ಬರಿಗೇ ಹೇಳಿದ್ದೆ.

ನೀವು ಕಣ್ಣು ಮುಚ್ಚಿದ ಮೇಲೆ ನಿಮ್ಮ ಮಗಳು ಡಬ್ಬಿಯನ್ನು ನನ್ನ ಕೈಗಿತ್ತಳು. ಲೈಬ್ರರಿಗೇ ಕೊಟ್ಟುಬಿಡೋಣ ಎಂದು ಹೋದರೆ, ಮೇಜಿನ ಬಳಿ ಒಬ್ಬಳು ಕಾಯುತ್ತಿದ್ದಳು. ಮುಖ ನೋಡಿ ನಮ್ಮ ದೇಶದವಳೇ ಎಂದುಕೊಂಡೆ. ಹೆಸರು ಅನಿತಾ, ದೇಶ ಹಿಂದೆ ಡಚ್ಚರು ಆಳಿದ ಸುರಿನಾಮ್. ಮುತ್ತಜ್ಜನ ಕಾಲದಲ್ಲೇ ಇಂಡಿಯಾ ಬಿಟ್ಟ ಮನೆತನ; ಅವಳು ಓದಿದ್ದು, ಹತ್ತು ವರ್ಷ ನರ್ಸ್ ಆಗಿದ್ದದ್ದು, ಎಲ್ಲ ಡಚ್ ಭಾಷೆಯಲ್ಲಿ. ಇಲ್ಲಿ ನರ್ಸ್ ಏಡ್, ಅಂದರೆ ನರ್ಸಿನ ಸಹಾಯಕಿಯ, ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು.

"ಟೀಚರ್ ಯಾವಾಗ ಬರ್ತಾರೆ?" ಹರಕು ಇಂಗ್ಲಿಷಿನಲ್ಲಿ ಕೇಳಿದಳು.

"ಇನ್ನು ಬರಲ್ಲ..."

"ಹಾಗಾದ್ರೆ ನೀವೇ ಕೂತ್ಕೊಳ್ಳಿ. ಪರೀಕ್ಷೆಗೆ ಆರೇ ವಾರ ಇರೋದು."

ಡಬ್ಬಿ ತೆರೆದು ಕೂತುಬಿಟ್ಟೆ. ನನ್ನಂಥವಳಿಂದ ಕಲಿತು ಅವಳು ಮತ್ತೆ ಫೇಲಾದರೆ? ಆರು ವಾರವೂ ಅದೇ ಯೋಚನೆ.

ಅವಳು ನನಗಿಂತ ಚುರುಕು, ಆಂಟಿ. ಲೆಸ್ ಚೀಟಿ ಎತ್ತಿದರೆ "ಅಯ್ಯೋ, ಇದು ಡಚ್ಚಿನಲ್ಲಿ ನಮ್ಮ ಲೋಸ್!" ಏಬಲ್ ಎತ್ತಿದರೆ "ನಮ್ಮ ಬಾರ್!" ಸಂತೆಯಲ್ಲಿ ನೆಂಟರು ಸಿಕ್ಕಂತೆ ಹಿಗ್ಗುತ್ತಿದ್ದಳು. ಆದರೆ ಡಚ್ಚನ್ನೇ ನಂಬಿ 'ಅನ್' ಅನ್ನು ಎಲ್ಲದಕ್ಕೂ ಅಂಟಿಸುವಳು. ಒಂದು ದಿನ "ಅನ್‌ಪಾಸಿಬಲ್" ಎಂದಳು. "ಇಂಪಾಸಿಬಲ್" ಎಂದೆ.

"ಖಾತ್ರಿನಾ, ಮಿಸ್?"

ಖಾತ್ರಿಯಿತ್ತು. ಆದರೂ ಮೂರು ಸಲ ಡಿಕ್ಷನರಿ ತೆಗೆದೆ.

"ಪಾಪ, ನಿಮ್ಮ ಡಿಕ್ಷನರಿಗೆ ಸುಸ್ತಾಯ್ತು," ಎಂದು ನಕ್ಕಳು. ಆಗ ತಡೆಯಲಾಗದೆ ಏಳನೇ ಕ್ಲಾಸಿನ ವಿಷಯ ಹೇಳಿಬಿಟ್ಟೆ. ಎದ್ದು ಹೋಗುತ್ತಾಳೆ ಎಂದೇ...

"ನರ್ಸ್ ಆಗಿದ್ದವಳು ನಾನು ಈಗ ಮೋಟೆಲ್ ರೂಮು ಗುಡಿಸ್ತೀನಿ. ಮುಂದಿನ ಚೀಟಿ ತೆಗೀರಿ, ಮಿಸ್."

ಪರೀಕ್ಷೆಯ ಫಲಿತಾಂಶ ಬರುವ ದಿನ ಸ್ಟವ್ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ನೋಡಿಬಂದೆ. ಕೊನೆಗೆ ಫೋನು ಬಡಿದುಕೊಂಡಿತು. "ಪಾಸ್, ಮಿಸ್!" ನಾನೇನು ಅಂದೆ ಗೊತ್ತಾ? "ಇನ್ನೊಂದ್ಸಲ ಸರಿಯಾಗಿ ಓದು." ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ನಾನು ಕಲಿಸಿದವಳು, ಆಂಟಿ. ನಾನು!

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಅನಿತಾ ಬಿಡದೆ ನನ್ನಿಂದಲೂ ಅರ್ಜಿ ಹಾಕಿಸಿದ್ದಾಳೆ, ಹೈಸ್ಕೂಲಿಗೆ ಸಮನಾದ ಪರೀಕ್ಷೆಗೆ. ಹೆದರಿಕೆ ಇದೆ, ಇರಲಿ. ನಿನ್ನೆ ಶನಿವಾರ ಅವಳು ಹೊಸ ಕೆಲಸದ ಯೂನಿಫಾರ್ಮಿನಲ್ಲೇ ಲೈಬ್ರರಿಗೆ ಬಂದು, ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ಎದುರಿನ ಕುರ್ಚಿ ತೋರಿಸಿದಳು. ನಾನೇ ಎಂದೋ ಹೇಳಿಕೊಟ್ಟಿದ್ದ ನಿಮ್ಮ ಮಾತನ್ನು ಒಡೆದೊಡೆದು, ಕನ್ನಡದಲ್ಲೇ ಹೇಳಿದಳು:

"ಒಗ್ಗರಣೆ... ಹಾಕಮ್ಮ."

ನಿಮ್ಮ
ಗಿರಿಜಾ